ಒಳ್ಳೆ ರಾತ್ರಿಯೋ, ಒಳ್ಳೆ ಟೇಪೋ?

2025ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ರಾಕ್ ಬ್ಯಾಂಡಿನ ‘ವಿಶ್ ಯು ವರ್ ಹಿಯರ್’ ಆಲ್ಬಮ್‌ನ 50ನೇ ವರ್ಷದ ಆವೃತ್ತಿ ಹೊರಬಂತು. ಅದರ ಬ್ಲೂ-ರೇಯಲ್ಲಿ ಒಂದು ಇಡೀ ಲೈವ್ ಕಾರ್ಯಕ್ರಮ ಇದೆ. 1975ರ ಏಪ್ರಿಲ್ 26, ಲಾಸ್ ಏಂಜಲೀಸ್ ಸ್ಪೋರ್ಟ್ಸ್ ಅರೀನಾ. ಅದನ್ನು ಬ್ಯಾಂಡಿನವರು ರೆಕಾರ್ಡ್ ಮಾಡಿದ್ದಲ್ಲ. ರೆಕಾರ್ಡ್ ಕಂಪನಿ ಮಾಡಿದ್ದೂ ಅಲ್ಲ. ಮೈಕ್ ಮಿಲ್ಲಾರ್ಡ್ ಎಂಬ ಅಭಿಮಾನಿ ಜನರ ನಡುವೆ ಕೂತು, ಯಂತ್ರ ಬಚ್ಚಿಟ್ಟುಕೊಂಡು ಮಾಡಿದ್ದು.

ಏಪ್ರಿಲ್ 23ರಿಂದ 27ರವರೆಗೆ ಅಲ್ಲಿ ಐದು ರಾತ್ರಿ ಶೋ ನಡೆದವು. ಪೊಲೀಸರ ಕಾಟ ಜೋರಾಗಿತ್ತು. ಹೆಚ್ಚಾಗಿ ಗಾಂಜಾ ಕೇಸಿನಲ್ಲಿ ನೂರಾರು ಜನರನ್ನು ಹಿಡಿದು ಒಯ್ದರು. ಅಂಥ ಕಣ್ಗಾವಲು ದಾಟಿ ಮೈಕು, ಡೆಕ್ಕು (ಕ್ಯಾಸೆಟ್ ರೆಕಾರ್ಡರ್) ಒಳಗೆ ಹೋಗಿತ್ತು. ಆಗ ಕಳ್ಳಮಾಲು ಅನ್ನಿಸಿಕೊಂಡ ಅದೇ ಟೇಪನ್ನು ಈಗ ಸಂಗೀತಗಾರ ಸ್ಟೀವನ್ ವಿಲ್ಸನ್ ಸರಿಪಡಿಸಿ ಕೊಟ್ಟಿದ್ದಾರೆ. ಅದು ಬ್ಯಾಂಡಿನ ಹೆಸರಲ್ಲೇ ಬಂದಿದೆ. ಮೂಲ ಆಲ್ಬಮ್ ಅಂಗಡಿಗೆ ಬಂದದ್ದು 1975ರ ಸೆಪ್ಟೆಂಬರ್ 12ಕ್ಕೆ. ಅಂದರೆ ಈ ಟೇಪಿನಲ್ಲಿ ಆ ಹಾಡುಗಳು ಇನ್ನೂ ಹಸಿ. ಮುಂದೆ 1977ರ ‘ಅನಿಮಲ್ಸ್’ ಆಲ್ಬಮ್‌ಗೆ ಬೇರೆ ಹೆಸರಲ್ಲಿ ಹೋದ ಎರಡು ಹಾಡುಗಳೂ ಹಳೆ ರೂಪದಲ್ಲೇ ಇವೆ. ಕೇಳುವವರಿಗೆ ಇದು ದೊಡ್ಡ ಭಾಗ್ಯ.

ಆದರೂ ಒಂದು ಪ್ರಶ್ನೆ ಕೇಳಲೇಬೇಕು. ಐದು ರಾತ್ರಿಗಳಲ್ಲಿ 26ನೇ ತಾರೀಕೇ ಯಾಕೆ? ಆವತ್ತು ಬ್ಯಾಂಡ್ ಉಳಿದ ನಾಲ್ಕು ರಾತ್ರಿಗಿಂತ ಚೆನ್ನಾಗಿ ನುಡಿಸಿತ್ತು ಅಂತ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಆವತ್ತು ಒಳ್ಳೆ ಜಾಗದಲ್ಲಿ ಒಳ್ಳೆ ಮೈಕ್ ಇತ್ತು. ಆ ಕೈಗೆ ರೆಕಾರ್ಡಿಂಗ್ ಗೊತ್ತಿತ್ತು. ಐವತ್ತು ವರ್ಷ ಆ ಟೇಪಿನ ಒಳ್ಳೆ ಪ್ರತಿಗಳು ಉಳಿದವು. ಮುಂದಿನ ತಲೆಮಾರಿಗೆ ಪಿಂಕ್ ಫ್ಲಾಯ್ಡ್‌ನ 1975 ಅಂದರೆ ಇನ್ನು ಮೇಲೆ ಇದೇ ರಾತ್ರಿ.

ಅನಧಿಕೃತ ಲೈವ್ ರೆಕಾರ್ಡಿಂಗ್‌ಗಳನ್ನು ಹೋಲಿಸುವವರು ದಿನಾ ಮಾಡುವ ಗೊಂದಲ ಇದೇ. ನಾವು ಹೋಲಿಸುತ್ತಿರುವುದು ಟೇಪುಗಳನ್ನು. ಆದರೆ ತೀರ್ಪು ಕೊಡುವುದು ಕಾರ್ಯಕ್ರಮಗಳ ಮೇಲೆ. ‘ಆ ರಾತ್ರಿ ಅದ್ಭುತ’ ಅನ್ನುತ್ತೇವೆ. ಎಷ್ಟೋ ಸಲ ಅದ್ಭುತವಾಗಿದ್ದದ್ದು ಮೈಕ್ ಇಟ್ಟ ಜಾಗ.

ಎರಡು ಕಿವಿ, ಎರಡು ಸುಳ್ಳು

ಒಂದೇ ಶೋಗೆ ಸಾಮಾನ್ಯವಾಗಿ ಎರಡು ಥರದ ಟೇಪ್ ಸಿಗುತ್ತದೆ. ಒಂದು ಸೌಂಡ್‌ಬೋರ್ಡ್. ವೇದಿಕೆಯ ಮೈಕುಗಳೆಲ್ಲ ಬಂದು ಸೇರುವ ಮಿಕ್ಸರ್‌ನಿಂದ ನೇರ ತಂತಿ ಎಳೆದು ಮಾಡಿದ್ದು. ಇನ್ನೊಂದು ಆಡಿಯನ್ಸ್ ಟೇಪ್. ಜನರ ನಡುವೆ ಮೈಕ್ ಹಿಡಿದು, ಸಭಾಂಗಣದ ಗಾಳಿಯಲ್ಲಿ ಬಂದದ್ದನ್ನು ಹಿಡಿದದ್ದು.

ಹೊಸಬರು ಸೌಂಡ್‌ಬೋರ್ಡ್ ಅಂದಕೂಡಲೇ ಅದೇ ಮೇಲು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಯಕ್ಷಗಾನದ ಆಟಕ್ಕೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋದವರಿಗೆ ಇದು ಗೊತ್ತು. ಮೈಕ್ ಸೆಟ್‌ನವರ ಆಂಪ್ಲಿಫೈಯರ್‌ನಿಂದ ವೈರ್ ಎಳೆದರೆ ಭಾಗವತರ ಪದ ಸ್ಪಷ್ಟ. ಆದರೆ ಚೆಂಡೆ ಎಲ್ಲೋ ದೂರದಲ್ಲಿ ಬಡಿದ ಹಾಗೆ ಕೇಳುತ್ತದೆ. ಯಾಕೆಂದರೆ ಚೆಂಡೆಗೆ ಮೈಕಿನ ಹಂಗಿಲ್ಲ. ಅದರ ಸದ್ದು ಹಾಗೇ ಬಯಲು ತುಂಬುತ್ತದೆ. ರೆಕಾರ್ಡರ್ ತಂದು ಚೆಂಡೆ ಪಕ್ಕ ಇಟ್ಟರೆ ಪದವೇ ಮುಳುಗುತ್ತದೆ.

ರಾಕ್ ಬ್ಯಾಂಡಿನಲ್ಲೂ ಇದೇ ಲೆಕ್ಕ. ಸಣ್ಣ ಹಾಲ್‌ನಲ್ಲಿ ಗಿಟಾರ್ ಆಂಪ್ ಮತ್ತು ಡ್ರಮ್ಸ್ ತಾವೇ ಕಿವಿಗಡಚಿಕ್ಕುವಷ್ಟು ಜೋರು. ಹಾಗಾಗಿ ಸೌಂಡ್ ಇಂಜಿನಿಯರ್ ಅವನ್ನು ಮಿಕ್ಸರ್‌ನಲ್ಲಿ ತಗ್ಗಿಸಿ, ಹಾಡುಗಾರರ ದನಿ ಏರಿಸುತ್ತಾರೆ. ಹಾಲ್‌ನಲ್ಲಿ ಕೂತವರಿಗೆ ಎಲ್ಲ ಸಮವಾಗಿ ಕೇಳುತ್ತದೆ. ಆದರೆ ಬೋರ್ಡಿನಿಂದ ಬಂದ ಟೇಪಿನಲ್ಲಿ ಬರೀ ದನಿ ಮುಂದೆ, ಗಿಟಾರ್ ಹಿಂದೆ. ಅದನ್ನು ಕೇಳಿ ‘ಗಿಟಾರಿಸ್ಟ್ ಆವತ್ತು ಮಂಕಾಗಿದ್ದ’ ಅಂತ ಬರೆಯುವವರಿದ್ದಾರೆ. ಆತ ಮಂಕಾಗಿರಲಿಲ್ಲ. ಆತನ ಸದ್ದು ಆ ತಂತಿಯಲ್ಲಿ ಬರಲೇ ಇಲ್ಲ, ಅಷ್ಟೆ.

ಆಡಿಯನ್ಸ್ ಟೇಪಿನ ಸುಳ್ಳು ಬೇರೆ ಥರದ್ದು. ಅಲ್ಲಿ ಬ್ಯಾಂಡಿನ ಸಮತೋಲ ಸರಿಯಾಗಿರುತ್ತದೆ. ಆದರೆ ಕಾಂಕ್ರೀಟ್ ಗೋಡೆಯ ಪ್ರತಿಧ್ವನಿ ಬೇಸ್ ಗಿಟಾರನ್ನು ಗುಂಯ್ ಅನ್ನಿಸುತ್ತದೆ. ಪಕ್ಕದಲ್ಲಿ ಶಿಳ್ಳೆ ಹೊಡೆದವನು ಡ್ರಮ್ಮರ್‌ಗಿಂತ ದೊಡ್ಡವನಾಗುತ್ತಾನೆ. ಜನರ ಕೂಗು ಮೈಕಿಗೆ ಹತ್ತಿರ ಇದ್ದಷ್ಟೂ ಶೋ ‘ಬೆಂಕಿ’ ಅನ್ನಿಸುತ್ತದೆ. ಅದೇ ಶೋ ಹಿಂದಿನ ಸಾಲಿನ ಟೇಪಿನಲ್ಲಿ ಸಪ್ಪೆ.

ಎರಡನ್ನೂ ಬೆರೆಸಿದರೆ ಮ್ಯಾಟ್ರಿಕ್ಸ್. ಚೆನ್ನಾಗಿ ಮಾಡಿದರೆ ತುಂಬಾ ಹಿತ. ಆದರೆ ಎರಡು ಯಂತ್ರದ ವೇಗ ಒಂದೇ ಇರುವುದಿಲ್ಲ. ಹತ್ತು ನಿಮಿಷ ಓಡುವಷ್ಟರಲ್ಲಿ ಒಂದು ಹಿಂದೆ ಬೀಳುತ್ತದೆ. ಅದನ್ನು ತಾಳ್ಮೆಯಿಂದ ಹೊಂದಿಸದಿದ್ದರೆ ಪ್ರತಿ ಡ್ರಮ್ ಏಟೂ ಎರಡು ಸಲ ಕೇಳುತ್ತದೆ.

ಕಾರ್ನೆಲ್ ಕಥೆ

ಟೇಪು ಒಂದು ರಾತ್ರಿಯ ಹಣೆಬರಹ ಬರೆಯುವುದನ್ನು ನೋಡಬೇಕಾದರೆ ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡಿಗಿಂತ ಒಳ್ಳೆ ಉದಾಹರಣೆ ಇಲ್ಲ. 1965ರಿಂದ 1995ರವರೆಗೆ ಅವರು ಸುಮಾರು 2300 ಶೋ ಕೊಟ್ಟರು. ಪ್ರತಿ ರಾತ್ರಿ ಹಾಡುಗಳ ಪಟ್ಟಿ ಬೇರೆ, ನುಡಿಸುವ ರೀತಿ ಬೇರೆ. ಟೇಪ್ ಮಾಡುವವರನ್ನು ಅವರು ಓಡಿಸಲಿಲ್ಲ. 1984ರಲ್ಲಿ ಅವರಿಗೆ ಅಂತಲೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಕೊಟ್ಟರು. ಷರತ್ತು ಒಂದೇ: ಮಾರಬಾರದು, ಹಂಚಿಕೊಳ್ಳಬಹುದು. ಹಾಗಾಗಿ ಒಂದೊಂದು ಶೋಗೂ ಹಲವು ಟೇಪುಗಳು ಉಳಿದಿವೆ.

ಇಷ್ಟು ಶೋಗಳಲ್ಲಿ ಅತಿ ಹೆಸರುವಾಸಿ ಒಂದು: 1977ರ ಮೇ 8, ನ್ಯೂಯಾರ್ಕ್ ರಾಜ್ಯದ ಇಥಾಕಾ ಊರಿನ ಕಾರ್ನೆಲ್ ವಿಶ್ವವಿದ್ಯಾಲಯ, ಬಾರ್ಟನ್ ಹಾಲ್. ಮೇ ತಿಂಗಳಾದರೂ ಆ ರಾತ್ರಿ ಹಿಮ ಬಿತ್ತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2012ರಲ್ಲಿ ಈ ರೆಕಾರ್ಡಿಂಗನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆಗ ಅದು ಇನ್ನೂ ಅಧಿಕೃತವಾಗಿ ಬಿಡುಗಡೆಯೇ ಆಗಿರಲಿಲ್ಲ! ಬಿಡುಗಡೆ ಆದದ್ದು 2017ರಲ್ಲಿ, 40 ವರ್ಷ ತುಂಬಿದಾಗ.

ಇದರ ಹಿಂದೆ ಇರುವವರು ಬೆಟ್ಟಿ ಕ್ಯಾಂಟರ್-ಜಾಕ್ಸನ್. ಬ್ಯಾಂಡಿನ ರೆಕಾರ್ಡಿಂಗ್ ಇಂಜಿನಿಯರ್. ಸುಮ್ನೆ ಹಾಲ್‌ನ ಮಿಕ್ಸನ್ನೇ ಟೇಪಿಗೆ ಇಳಿಸಿ ಕೈ ತೊಳೆದುಕೊಂಡವರಲ್ಲ. ರೆಕಾರ್ಡಿಂಗಿಗೆ ಅಂತಲೇ ಬೇರೆ ಸ್ಟೀರಿಯೊ ಮಿಕ್ಸ್ ಮಾಡಿಕೊಳ್ಳುತ್ತಿದ್ದರು. ಸಾಮಾನ್ಯ ಸೌಂಡ್‌ಬೋರ್ಡಿನ ದೋಷ ಅವರ ಟೇಪಿನಲ್ಲಿ ಕಾಣದಿರುವುದಕ್ಕೆ ಇದೇ ಕಾರಣ. ಫಿಲ್ ಲೆಶ್ ಅವರ ಬೇಸ್ ಗಿಟಾರ್ ಎದೆಗೆ ತಟ್ಟುತ್ತದೆ. ಜೆರ್ರಿ ಗಾರ್ಸಿಯಾ ಅವರ ಗಿಟಾರ್ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ನಿಲ್ಲುತ್ತದೆ. ಇಬ್ಬರು ಡ್ರಮ್ಮರ್‌ಗಳು ಬೇರೆ ಬೇರೆ ಕೇಳುತ್ತಾರೆ. ಮುಂದೆ ಬೆಟ್ಟಿ ಅವರಿಗೆ ಕಷ್ಟ ಬಂತು. ಅವರ ಟೇಪುಗಳು ಬಾಡಿಗೆ ಗೋದಾಮು ಸೇರಿದವು. ಬಾಡಿಗೆ ಬಾಕಿ ಬಿದ್ದು 1986ರಲ್ಲಿ ಅವು ಹರಾಜಾದವು. ಕೊಂಡವರ ಕೈಯಿಂದ ಪ್ರತಿಗಳು ಅಭಿಮಾನಿಗಳ ನಡುವೆ ಹರಡಿದವು. ‘ಬೆಟ್ಟಿ ಬೋರ್ಡ್ಸ್’ ಅನ್ನುವ ಹೆಸರೇ ಬಿತ್ತು.

ಬಾರ್ಟನ್ ಹಾಲ್‌ನ ಆಡಿಯನ್ಸ್ ಟೇಪುಗಳೂ ಇವೆ. ಅವನ್ನು ಬೆಟ್ಟಿ ಟೇಪಿನ ಪಕ್ಕ ಇಟ್ಟು ಕೇಳಿದರೆ ಒಂದು ವಿಷಯ ಹೊಳೆಯುತ್ತದೆ. ಒಂದು ಹಂತದಲ್ಲಿ ಮುಂದಿನ ಸಾಲಿನವರು ವೇದಿಕೆಗೆ ಒತ್ತಿಕೊಂಡು ನಜ್ಜುಗುಜ್ಜಾಗುತ್ತಿದ್ದಾರೆ. ‘ಒಂದು ಹೆಜ್ಜೆ ಹಿಂದೆ ಹೋಗಿ’ ಅಂತ ಬ್ಯಾಂಡಿನ ಗಿಟಾರಿಸ್ಟ್ ಬಾಬ್ ವೀರ್ ಕೇಳಿಕೊಳ್ಳುತ್ತಾರೆ. ಬೆಟ್ಟಿ ಟೇಪಿನಲ್ಲಿ ಇದು ಒಂದು ತಮಾಷೆಯ ಮಾತು. ಅಲ್ಲಿ ಜನರೇ ಇಲ್ಲವಲ್ಲ! ಆಡಿಯನ್ಸ್ ಟೇಪಿನಲ್ಲಿ ಮಾತ್ರ ಆ ಹಾಲ್ ಎಷ್ಟು ದೊಡ್ಡದು, ಎಷ್ಟು ಗಿಜಿಗುಡುತ್ತಿತ್ತು ಅನ್ನುವುದು ತಿಳಿಯುತ್ತದೆ. ಸದ್ದು ಮಬ್ಬಾಗಿದೆ ನಿಜ. ಆದರೆ ಅಲ್ಲಿ ಇದ್ದವರಿಗೆ ಕೇಳಿಸಿದ್ದಕ್ಕೆ ಹತ್ತಿರವಾದದ್ದು ಅದೇ.

ಹಾಗಾದರೆ ಕಾರ್ನೆಲ್ ನಿಜಕ್ಕೂ ಅಷ್ಟು ದೊಡ್ಡ ಶೋನಾ? ಇಲ್ಲ, ಟೇಪ್ ಚೆನ್ನಾಗಿತ್ತು, ಎಲ್ಲರ ಕೈಗೂ ಸಿಕ್ಕಿತು, ಅದಕ್ಕೇ ಹೆಸರು ಬಂತಾ? ಅಭಿಮಾನಿಗಳು ದಶಕಗಳಿಂದ ಇದನ್ನೇ ಜಗಳ ಆಡಿದ್ದಾರೆ. ಉತ್ತರ ಹುಡುಕುವ ದಾರಿ 2017ರಲ್ಲಿ ಸಿಕ್ಕಿತು. ಆ ವರ್ಷ ಬಂದ ಬಾಕ್ಸ್ ಸೆಟ್‌ನಲ್ಲಿ ನಾಲ್ಕು ಶೋ ಇವೆ: ಮೇ 5 ನ್ಯೂ ಹೇವನ್, ಮೇ 7 ಬಾಸ್ಟನ್, ಮೇ 8 ಕಾರ್ನೆಲ್, ಮೇ 9 ಬಫಲೋ. ನಾಲ್ಕೂ ಬೆಟ್ಟಿ ಅವರದ್ದೇ ಟೇಪ್. ನಾಲ್ಕಕ್ಕೂ ಒಂದೇ ಕಡೆ ಮಾಸ್ಟರಿಂಗ್ (ಬಿಡುಗಡೆಗೆ ಮುಂಚೆ ಸದ್ದನ್ನು ಕೊನೆಯ ಸಲ ಹದ ಮಾಡುವುದು). ಟೇಪಿನ ವೇಗದ ಏರಿಳಿತವನ್ನೂ ಒಂದೇ ವಿಧಾನದಲ್ಲಿ ಸರಿಪಡಿಸಿದ್ದಾರೆ. ಅಂದರೆ ರೆಕಾರ್ಡಿಂಗ್ ಅನ್ನುವ ವ್ಯತ್ಯಾಸವನ್ನು ಬಹುಪಾಲು ತೆಗೆದುಹಾಕಿದ ಹಾಗೆ. ಉಳಿದದ್ದು ನುಡಿಸುವಿಕೆ ಮಾತ್ರ. ಇಂಥ ಹೋಲಿಕೆಗೆ ಅವಕಾಶ ರಾಕ್ ಸಂಗೀತದಲ್ಲಿ ತುಂಬಾ ಅಪರೂಪ.

ನಾಲ್ಕನ್ನೂ ಹೀಗೆ ಕೇಳಿದರೆ ನನಗೆ ಅನ್ನಿಸುವುದು ಇಷ್ಟು. ಕಾರ್ನೆಲ್‌ನ ಎರಡನೇ ಭಾಗದ ಶುರುವಿನಲ್ಲಿ ‘ಸ್ಕಾರ್ಲೆಟ್ ಬಿಗೋನಿಯಾಸ್’ ಹಾಡು ನಿಲ್ಲದೆ ‘ಫೈರ್ ಆನ್ ದಿ ಮೌಂಟನ್’ ಹಾಡಿಗೆ ಹರಿಯುತ್ತದೆ. ಆ ಜೋಡಿಯನ್ನು ಬ್ಯಾಂಡ್ ಮೊದಲು ನುಡಿಸಿದ್ದು ಅದೇ ವರ್ಷ ಮಾರ್ಚ್ 18ಕ್ಕೆ. ಎರಡು ತಿಂಗಳೂ ಆಗಿರಲಿಲ್ಲ. ಹೊಸದು ಕೈಗೆ ಹತ್ತಿದ ಖುಷಿ ಅಲ್ಲಿ ಎದ್ದು ಕಾಣುತ್ತದೆ. ಆ ಭಾಗ ಹೆಸರಿಗೆ ತಕ್ಕಂತೆಯೇ ಇದೆ. ಆದರೆ ಮೊದಲ ಭಾಗಕ್ಕೆ ಬಂದರೆ ಮರುದಿನದ ಬಫಲೋ ಒಂದು ಕೈ ಮೇಲು. ಅಲ್ಲಿ ಬ್ಯಾಂಡ್ ಶೋ ಶುರು ಮಾಡುವುದೇ ಕಷ್ಟದ, ಉದ್ದದ ತುಣುಕಿನಿಂದ. ಒಬ್ಬರೂ ಎಡವುವುದಿಲ್ಲ. ಕಾರ್ನೆಲ್ ದೊಡ್ಡದು, ಆದರೆ ಒಂಟಿ ಶಿಖರವಲ್ಲ. ಆ ಇಡೀ ವಸಂತದ ಪ್ರವಾಸವೇ ಎತ್ತರದಲ್ಲಿತ್ತು. ಅದಕ್ಕೂ ಕಾರಣ ಇದೆ. ಪ್ರವಾಸಕ್ಕೆ ಮುಂಚೆ ಅವರು ಸ್ಟುಡಿಯೋದಲ್ಲಿ ಹೊಸ ಆಲ್ಬಮ್ ಮಾಡುತ್ತಿದ್ದರು. ನಿರ್ಮಾಪಕ ಕೀತ್ ಓಲ್ಸನ್ ಶಿಸ್ತಿನ ಮನುಷ್ಯ. ಮೈಮರೆತು ನುಡಿಸುವ ಬ್ಯಾಂಡನ್ನು ಲೆಕ್ಕಕ್ಕೆ ಕೂರಿಸಿದರು. ಆ ಬಿಗಿ ರಸ್ತೆಗೂ ಬಂತು.

ನೆರೆಹೊರೆಯ ಮೂರು ರಾತ್ರಿಗಳನ್ನು ಕೇಳದೆ ಒಂದಕ್ಕೇ ಕಿರೀಟ ಇಟ್ಟರೆ ಈ ಕಾರಣ ಯಾವುದೂ ಕಣ್ಣಿಗೆ ಬೀಳುವುದಿಲ್ಲ, ಅಲ್ವಾ?

ಬೋರ್ಡು ಸೋತ ಕಡೆ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪೆಲಿನ್ ಕಥೆ ಇದಕ್ಕೆ ಉಲ್ಟಾ. ಅವರ ಮ್ಯಾನೇಜರ್ ಪೀಟರ್ ಗ್ರಾಂಟ್‌ಗೆ ಬೂಟ್‌ಲೆಗ್ (ಕದ್ದು ಮಾಡಿದ ರೆಕಾರ್ಡಿಂಗ್) ಅಂದರೆ ಆಗುತ್ತಿರಲಿಲ್ಲ. ಹಾಗಾಗಿ ಹೆಚ್ಚಿನ ಶೋಗಳಿಗೆ ಕದ್ದು ಮಾಡಿದ ಆಡಿಯನ್ಸ್ ಟೇಪೇ ಗತಿ. 1977ರ ಅಮೆರಿಕ ಪ್ರವಾಸದಿಂದ ಎರಡು ಟೇಪ್ ತಗೊಳ್ಳಿ. ಒಂದು ಏಪ್ರಿಲ್ 27, ಕ್ಲೀವ್‌ಲ್ಯಾಂಡ್ ಹತ್ತಿರದ ರಿಚ್‌ಫೀಲ್ಡ್ ಕೊಲೀಸಿಯಂ, ಸೌಂಡ್‌ಬೋರ್ಡ್. ‘ಡೆಸ್ಟ್ರಾಯರ್’ ಹೆಸರಲ್ಲಿ ಹರಡಿದ್ದು. ಇನ್ನೊಂದು ಜೂನ್ 21, ಲಾಸ್ ಏಂಜಲೀಸ್ ಫೋರಂ, ಆಡಿಯನ್ಸ್ ಟೇಪ್. ಮಾಡಿದ್ದು ಅದೇ ಮೈಕ್ ಮಿಲ್ಲಾರ್ಡ್. ಒಳ್ಳೆ ಎಕೆಜಿ ಮೈಕುಗಳು, ನಾಕಮಿಚಿ ಕ್ಯಾಸೆಟ್ ಡೆಕ್. ಡೆಕ್ಕನ್ನು ಹಾಲ್ ಒಳಗೆ ಸಾಗಿಸಲು ಗಾಲಿಕುರ್ಚಿಯಲ್ಲಿ ಕೂತು ಹೋಗುತ್ತಿದ್ದರು ಅನ್ನುವ ಕಥೆ ಅಭಿಮಾನಿಗಳಲ್ಲಿ ಮನೆಮಾತು.

ಕ್ಲೀವ್‌ಲ್ಯಾಂಡ್ ಟೇಪ್ ಒಣ. ಗಾಳಿಯೇ ಇಲ್ಲ. ಗಿಟಾರಿಸ್ಟ್ ಜಿಮ್ಮಿ ಪೇಜ್ ಅವರ ಬೆರಳು ಜಾರಿದ ಒಂದೊಂದು ತಪ್ಪೂ ಬೆತ್ತಲೆ. ಫೋರಂ ಟೇಪಿನಲ್ಲಿ ಜಾನ್ ಬಾನಮ್ ಅವರ ಡ್ರಮ್ಸ್ ಇಡೀ ಕಟ್ಟಡವನ್ನು ತುಂಬುತ್ತದೆ. ಪೇಜ್ ಅಲ್ಲೂ ಕೆಲವು ಕಡೆ ಜಾರುತ್ತಾರೆ. ಆದರೆ ಹಾಲ್‌ನ ಪ್ರತಿಧ್ವನಿ ಅದನ್ನು ಮುಚ್ಚಿಕೊಳ್ಳುತ್ತದೆ. ಬಹುಪಾಲು ಅಭಿಮಾನಿಗಳು ಫೋರಂ ರಾತ್ರಿಯನ್ನೇ ಆ ಪ್ರವಾಸದ ಶಿಖರ ಅನ್ನುತ್ತಾರೆ. ನಾನೂ ಅದನ್ನೇ ಮತ್ತೆ ಮತ್ತೆ ಕೇಳುತ್ತೇನೆ. ಬಾನಮ್ ಆವತ್ತು ಭಯಂಕರ ಫಾರ್ಮಿನಲ್ಲಿದ್ದರು ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಎರಡು ರಾತ್ರಿಗಳ ನಡುವಿನ ಅಂತರದಲ್ಲಿ ಎಷ್ಟು ಪಾಲು ಬ್ಯಾಂಡಿನದು, ಎಷ್ಟು ಪಾಲು ಮಿಲ್ಲಾರ್ಡ್ ಅವರದು? ಕ್ಲೀವ್‌ಲ್ಯಾಂಡಿನಲ್ಲಿ ಮಿಲ್ಲಾರ್ಡ್ ಕೂತಿದ್ದರೆ ಆ ಶೋ ಬಗ್ಗೆ ನಮ್ಮ ಮಾತು ಬೇರೆಯೇ ಇರುತ್ತಿತ್ತು ಅನ್ನುವುದು ನನ್ನ ನಂಬಿಕೆ.

ಅಧಿಕೃತ ಲೈವ್ ಆಲ್ಬಮ್ ಕೇಳಿದರೆ ಈ ತಾಪತ್ರಯ ಇಲ್ಲ ಅಂದುಕೊಂಡರೆ ಅದೂ ಸರಿಯಲ್ಲ. 2003ರಲ್ಲಿ ಬಂದ ಲೆಡ್ ಜೆಪೆಲಿನ್ ಲೈವ್ ಆಲ್ಬಮ್ ‘ಹೌ ದಿ ವೆಸ್ಟ್ ವಾಸ್ ವನ್’ 1972ರ ಜೂನ್ 25 ಮತ್ತು 27ರ ಎರಡು ಶೋಗಳನ್ನು ಕತ್ತರಿಸಿ ಹೊಲಿದದ್ದು. ಒಂದು ಫೋರಂ, ಇನ್ನೊಂದು ಲಾಂಗ್ ಬೀಚ್ ಅರೀನಾ. ಕೇಳಲು ಸೊಗಸಾಗಿದೆ. ಆದರೆ ಅದು ಯಾವ ಒಂದು ರಾತ್ರಿಯೂ ಅಲ್ಲ. ಕದ್ದು ಮಾಡಿದ ಮಬ್ಬು ಟೇಪು ಆ ಮಟ್ಟಿಗೆ ಹೆಚ್ಚು ಪ್ರಾಮಾಣಿಕ.

ಕಿವಿಗೆ ಮೋಸ ಆಗುವ ಜಾಗಗಳು

ಎರಡು ಟೇಪ್ ಹೋಲಿಸುವಾಗ ಮೊದಲು ನೋಡಬೇಕಾದ್ದು ವಾಲ್ಯೂಮ್. ಸ್ವಲ್ಪ ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ. ಇದು ಎಲ್ಲರ ಕಿವಿಯ ಗುಣ. ‘ಹೊಸ ರೀಮಾಸ್ಟರ್ (ಮತ್ತೆ ಹದ ಮಾಡಿದ ಆವೃತ್ತಿ) ಸೂಪರ್’ ಅನ್ನುವ ಅರ್ಧ ಮಾತುಗಳು ಇಲ್ಲಿಂದಲೇ ಬರುತ್ತವೆ. ಎರಡರ ಸದ್ದನ್ನು ಸಮ ಮಾಡಿಕೊಂಡು ಮತ್ತೆ ಕೇಳಿದರೆ ಎಷ್ಟೋ ಸಲ ಹಳೆಯದೇ ಗೆಲ್ಲುತ್ತದೆ.

ಆಮೇಲೆ ವೇಗ. ಇದು ತುಂಬಾ ಸೂಕ್ಷ್ಮ, ಮತ್ತು ಜಾಸ್ತಿ ಜನ ಇದನ್ನು ಗಮನಿಸುವುದೇ ಇಲ್ಲ. ಬ್ಯಾಟರಿ ಇಳಿದ ಡೆಕ್ಕಿನಲ್ಲಿ ರೆಕಾರ್ಡ್ ಮಾಡಿ ಸರಿಯಾದ ಡೆಕ್ಕಿನಲ್ಲಿ ಹಾಕಿದರೆ ಹಾಡು ವೇಗವಾಗಿ ಓಡುತ್ತದೆ. ಶೇ 2ರಷ್ಟು ವೇಗ ಹೆಚ್ಚಿದರೆ ಹತ್ತು ನಿಮಿಷದ ಹಾಡು ಸುಮಾರು 12 ಸೆಕೆಂಡ್ ಕಡಿಮೆಯಾಗುತ್ತದೆ. ಸ್ವರ ಅರ್ಧ ಮೆಟ್ಟಿಲಿನ ಮೂರನೇ ಒಂದು ಭಾಗದಷ್ಟು ಮೇಲೇರುತ್ತದೆ. ಕೇಳುವವರಿಗೆ ಇದು ತಪ್ಪು ಅಂತ ತಿಳಿಯುವುದಿಲ್ಲ. ‘ಬ್ಯಾಂಡ್ ಆವತ್ತು ಎಷ್ಟು ಹುರುಪಿನಲ್ಲಿತ್ತು!’ ಅಂತ ಅನ್ನಿಸುತ್ತದೆ. ಹುರುಪು ಇದ್ದದ್ದು ಮೋಟರಿಗೆ.

ಸರಿಯಾದ ವೇಗ ಕಂಡುಹಿಡಿಯಲು ಒಂದು ಸುಂದರ ಉಪಾಯ ಇದೆ. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್. ಆಂಪ್ಲಿಫೈಯರ್‌ಗಳ ಅದರಿಂದಲೇ ಹುಟ್ಟುವ ಹಮ್ ಅನ್ನುವ ಸದ್ದು ಟೇಪಿನಲ್ಲೂ ಸಣ್ಣಗೆ ಕೂತಿರುತ್ತದೆ. ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗ ಅದು 61ರಲ್ಲಿ ಇದ್ದರೆ ಟೇಪ್ ಶೇ 1.7ರಷ್ಟು ವೇಗವಾಗಿದೆ ಅಂತ ಲೆಕ್ಕ. ಆದರೆ ಹಮ್ ಹುಟ್ಟಿದ್ದು ಹಾಲ್‌ನಲ್ಲೋ, ಮುಂದೆ ಪ್ರತಿ ಮಾಡುವಾಗ ಯಾರದೋ ಮನೆಯಲ್ಲೋ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಬೇಕು.

ಎಲ್ಲ ಅಪಸ್ವರವೂ ಟೇಪಿನ ತಪ್ಪಲ್ಲ. ಪಿಂಕ್ ಫ್ಲಾಯ್ಡ್ 1975ರ ಜುಲೈ 5ರಂದು ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ ನುಡಿಸಿದಾಗ ವಿದ್ಯುತ್ತಿನ ಏರುಪೇರಿನಿಂದ ರಿಚರ್ಡ್ ರೈಟ್ ಅವರ ಕೀಬೋರ್ಡ್‌ಗಳ ಶ್ರುತಿಯೇ ಕೆಟ್ಟಿತು. ಟೇಪ್ ಕೇಳಿದವರು ಅದನ್ನು ಹೇಗೆ ಬೇರೆ ಮಾಡಬೇಕು? ಗಿಟಾರ್, ದನಿ, ಕೀಬೋರ್ಡ್ ಮೂರೂ ಒಟ್ಟಿಗೆ ಮೇಲೆ ಕೆಳಗೆ ಹೋದರೆ ಅದು ಟೇಪಿನ ವೇಗ. ಕೀಬೋರ್ಡ್ ಮಾತ್ರ ಗಿಟಾರಿಗೆ ಹೊಂದದಿದ್ದರೆ ಅದು ವೇದಿಕೆಯಲ್ಲೇ ಆದದ್ದು. ಅದನ್ನು ‘ಸರಿ’ ಮಾಡಲು ಹೋಗಬಾರದು. ಆವತ್ತು ನಡೆದದ್ದೇ ಅದು.

ಇನ್ನು ಪ್ರತಿಗಳ ವಿಷಯ. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿದ ಪ್ರತಿ ಸಲವೂ ಹಿಸ್ (ಸುಯ್ ಅನ್ನುವ ಸದ್ದು) ಸೇರುತ್ತದೆ, ಮೇಲಿನ ಸ್ವರಗಳು ಸವೆಯುತ್ತವೆ. ಹಾಗಾಗಿ ಟೇಪ್ ಜೊತೆ ಅದರ ವಂಶಾವಳಿಯನ್ನೂ ಬರೆದಿಡುವ ರೂಢಿ ಬಂತು: ಯಾವ ಮೈಕ್, ಯಾವ ಡೆಕ್, ಎಷ್ಟನೇ ಪ್ರತಿ, ಯಾರು ಕಂಪ್ಯೂಟರಿಗೆ ಹಾಕಿದರು. ಇದನ್ನು ಲೀನಿಯೇಜ್ ಅನ್ನುತ್ತಾರೆ. ಲೀನಿಯೇಜ್ ಇಲ್ಲದ ಫೈಲ್ ಎಷ್ಟೇ ಚೆನ್ನಾಗಿ ಕೇಳಿದರೂ ಅದರ ಮೇಲೆ ವಾದ ಕಟ್ಟಬಾರದು. ಮಧ್ಯೆ ಯಾರೋ ಒಮ್ಮೆ ಸದ್ದಿನ ಒಂದಷ್ಟು ಭಾಗ ಕಳೆಯುವ ಎಂಪಿ3 ಮಾಡಿ, ಮತ್ತೆ ಏನೂ ಕಳೆಯದ ಫ್ಲ್ಯಾಕ್ ಫೈಲ್ ಮಾಡಿ ಹಂಚಿರಬಹುದು. ಹಾಗಾಗಿದ್ದರೆ, ಸ್ಪೆಕ್ಟ್ರಮ್ ಚಿತ್ರ (ಯಾವ ಎತ್ತರದ ಸ್ವರ ಎಷ್ಟಿದೆ ಅಂತ ತೋರಿಸುವುದು) ತೆಗೆದಾಗ ಎಷ್ಟೋ ಸಲ 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಿಂದ ಕೊಯ್ದ ಹಾಗೆ ಗೆರೆ ಕಾಣುತ್ತದೆ. ಡಾಲ್ಬಿ (ಹಿಸ್ ತಗ್ಗಿಸುವ ವ್ಯವಸ್ಥೆ) ಹಾಕಿ ಮಾಡಿದ ಟೇಪನ್ನು ಡಾಲ್ಬಿ ಇಲ್ಲದೆ ಓಡಿಸಿದರೂ ಮೋಸ ಹೋಗುತ್ತೇವೆ. ಸದ್ದು ಚುರುಕಾಗಿ ಕೇಳುತ್ತದೆ, ಹಿಸ್ ಕೂಡ ಜಾಸ್ತಿ.

ಯಂತ್ರ ಈಗ ಕಲ್ಪಿಸಿಕೊಳ್ಳುತ್ತದೆ

ಇಷ್ಟು ದಿನ ನಾವು ಹೋಲಿಸುತ್ತಿದ್ದದ್ದು ಟೇಪಿನಲ್ಲಿ ಇದ್ದದ್ದನ್ನು. ಈಗ ವಿಷಯ ಬದಲಾಗಿದೆ. 2019ರಲ್ಲಿ ಆನ್‌ಲೈನ್‌ನಲ್ಲಿ ಹಾಡು ಕೇಳಿಸುವ ಡೀಜರ್ ಕಂಪನಿ ‘ಸ್ಪ್ಲೀಟರ್’ ಅನ್ನೂ, ಫೇಸ್‌ಬುಕ್‌ನ ಸಂಶೋಧಕರು ‘ಡೆಮಕ್ಸ್’ ಅನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ಕೂಡಿಕೊಂಡಿರುವ ಹಾಡಿನಿಂದ ದನಿ, ಡ್ರಮ್ಸ್, ಬೇಸ್, ಉಳಿದದ್ದು ಅಂತ ಬೇರ್ಪಡಿಸುವ ಸಾಫ್ಟ್‌ವೇರ್‌ಗಳು ಅವು. 2021ರ ಬೀಟಲ್ಸ್ ಸಾಕ್ಷ್ಯಚಿತ್ರಕ್ಕೆ ಪೀಟರ್ ಜಾಕ್ಸನ್ ತಂಡ ಇದೇ ಜಾತಿಯ ತಂತ್ರ ಬಳಸಿತು. 2023ರಲ್ಲಿ ಬೀಟಲ್ಸ್‌ನ ಕೊನೆಯ ಹಾಡು ಹೊರಬಂದದ್ದೂ ಹಳೆ ಕ್ಯಾಸೆಟ್‌ನಿಂದ ಜಾನ್ ಲೆನ್ನನ್ ದನಿಯನ್ನು ಹೀಗೆ ಬಿಡಿಸಿಕೊಂಡೇ.

ಅಭಿಮಾನಿಗಳು ಈಗ ಇದನ್ನೇ ಆಡಿಯನ್ಸ್ ಟೇಪುಗಳ ಮೇಲೆ ಓಡಿಸುತ್ತಿದ್ದಾರೆ. ಮಾನೋ (ಒಂದೇ ಚಾನೆಲ್ಲಿನ) ಟೇಪು ಸ್ಟೀರಿಯೊ ಆಗುತ್ತದೆ. ಮುಳುಗಿದ ಗಿಟಾರ್ ಮೇಲೆ ಬರುತ್ತದೆ. ಕೆಲವು ನಿಜಕ್ಕೂ ಚೆನ್ನಾಗಿವೆ. ಕೇಳಲಾಗದು ಅಂತ ಪಕ್ಕಕ್ಕಿಟ್ಟ ಶೋಗಳಿಗೆ ಇದರಿಂದ ಮತ್ತೊಂದು ಅವಕಾಶ ಸಿಗುತ್ತಿದೆ. ಅದು ನ್ಯಾಯವೇ. ಒಳ್ಳೆ ಟೇಪ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಒಂದು ಒಳ್ಳೆ ರಾತ್ರಿ ಲೆಕ್ಕಕ್ಕೇ ಬಾರದೆ ಹೋಗಬಾರದಲ್ಲ.

ಅಪಾಯ ಇರುವುದು ಇಲ್ಲಿ. ಈ ಸಾಫ್ಟ್‌ವೇರ್‌ಗಳು ಕಲಿತದ್ದು ಬಹುಪಾಲು ಸ್ಟುಡಿಯೋದ ಸ್ವಚ್ಛ ಹಾಡುಗಳಿಂದ. ಹಾಲ್‌ನ ಗದ್ದಲ ಸಿಕ್ಕಿದರೆ ಅವಕ್ಕೆ ಗೊಂದಲ. ಜನರ ಕೂಗನ್ನು ದನಿ ಅಂದುಕೊಳ್ಳುತ್ತವೆ. ಸಿಂಬಲ್‌ನ ಸದ್ದು ಚೂರುಚೂರಾಗಿ ಬೇರೆ ಬೇರೆ ಡಬ್ಬಿಗೆ ಬೀಳುತ್ತದೆ. ಇದು ಕಿವಿಗೆ ಬಿದ್ದರೆ ಗೊತ್ತಾಗುತ್ತದೆ. ಗೊತ್ತಾಗದೆ ಇರುವುದು ಇನ್ನೊಂದು ಥರದ್ದು. ಕಳೆದುಹೋದ ಮೇಲಿನ ಸ್ವರಗಳನ್ನು ಹೊಸದಾಗಿ ಸೃಷ್ಟಿ ಮಾಡಿ ತುಂಬುವ ಯಂತ್ರಗಳು. ಅವು ಸ್ವಚ್ಛ ಮಾಡುವುದಿಲ್ಲ, ಊಹಿಸಿ ಬರೆಯುತ್ತವೆ. ಟೇಪಿನಲ್ಲಿ ಇಲ್ಲದ ಸಿಂಬಲ್ ಏಟು ಈಗ ಕೇಳುತ್ತದೆ. ಆ ಏಟನ್ನು ಬಾನಮ್ ಹೊಡೆದರಾ ಇಲ್ವಾ? ಆ ಫೈಲಿನಿಂದ ಹೇಳಲು ಸಾಧ್ಯವೇ ಇಲ್ಲ.

ಹಾಗೆ ತುಂಬಿದ ಎರಡು ಟೇಪುಗಳನ್ನು ಪಕ್ಕಪಕ್ಕ ಇಟ್ಟು ‘ಈ ರಾತ್ರಿ ಡ್ರಮ್ಸ್ ಚೆನ್ನಾಗಿದೆ’ ಅಂತ ತೀರ್ಪು ಕೊಟ್ಟರೆ, ನಾವು ಹೊಗಳುತ್ತಿರುವುದು ಯಾರನ್ನು? ಮೈಕಿನ ಜಾಗ ನಮಗೆ ಮೋಸ ಮಾಡಿದಾಗಲೂ ಅಲ್ಲಿ ಕೇಳಿಸಿದ್ದು ಆ ಹಾಲ್‌ನ ಗಾಳಿಯೇ. ಇಲ್ಲಿ ಅದೂ ಇಲ್ಲ.

ಕಾನೂನಿನ ಬಗ್ಗೆ ಎರಡು ಮಾತು. ಒಪ್ಪಿಗೆ ಇಲ್ಲದೆ ಲೈವ್ ಶೋ ರೆಕಾರ್ಡ್ ಮಾಡಿ ಮಾರುವುದರ ವಿರುದ್ಧ ಅಮೆರಿಕ 1994ರಲ್ಲಿ ಕಾನೂನು ತಂದಿತು. ಭಾರತದ ಕೃತಿಸ್ವಾಮ್ಯ ಕಾಯ್ದೆಗೂ ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಸೇರಿತು. ಒಪ್ಪಿಗೆ ಇದ್ದ ಕಡೆಯೂ ಎಲ್ಲ ಸರಾಗವಿಲ್ಲ. 2005ರ ನವೆಂಬರ್‌ನಲ್ಲಿ ಇಂಟರ್‌ನೆಟ್ ಆರ್ಕೈವ್‌ನಿಂದ ಗ್ರೇಟ್‌ಫುಲ್ ಡೆಡ್ ಟೇಪುಗಳ ಡೌನ್‌ಲೋಡ್ ನಿಂತಾಗ ಅಭಿಮಾನಿಗಳು ಎದ್ದು ನಿಂತರು. ಕೊನೆಗೆ ಆಡಿಯನ್ಸ್ ಟೇಪುಗಳ ಡೌನ್‌ಲೋಡ್ ಮತ್ತೆ ತೆರೆಯಿತು. ಸೌಂಡ್‌ಬೋರ್ಡುಗಳು ಅಲ್ಲೇ ಕೇಳಲು ಮಾತ್ರ ಉಳಿದವು. ಯಾರ ಟೇಪು ಯಾರ ಆಸ್ತಿ ಅನ್ನುವುದಕ್ಕೆ ಅಲ್ಲಿ ಒಂದು ಗೆರೆ ಬಿತ್ತು: ತಂತಿಯಲ್ಲಿ ಬಂದದ್ದು ಬ್ಯಾಂಡಿನದು, ಗಾಳಿಯಲ್ಲಿ ಬಂದದ್ದು ಕೇಳಿದವರದು.

ಪಿಂಕ್ ಫ್ಲಾಯ್ಡ್ ಈಗ ಆ ಗೆರೆಯನ್ನೂ ದಾಟಿದೆ. ಗಾಳಿಯಲ್ಲಿ ಬಂದದ್ದನ್ನೂ ತನ್ನದಾಗಿ ಮಾಡಿಕೊಂಡಿದೆ. ಬೇರೆ ಬ್ಯಾಂಡುಗಳೂ ಇದೇ ದಾರಿ ಹಿಡಿಯಬಹುದು, ಯಾಕೆಂದರೆ ಎಪ್ಪತ್ತರ ದಶಕದ ಎಷ್ಟೋ ಪ್ರವಾಸಗಳಿಗೆ ಬೇರೆ ಟೇಪೇ ಇಲ್ಲ. ಇದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಹೀಗೆ ಬಿಡುಗಡೆ ಮಾಡುವವರಿಂದ ಎರಡು ವಿಷಯ ಕೇಳುವ ಹಕ್ಕು ಕೊಳ್ಳುವವರಿಗೆ ಇದೆ. ಒಂದು, ಸರಿಪಡಿಸಿದ ಆವೃತ್ತಿಯ ಜೊತೆಗೆ ಏನೂ ಮುಟ್ಟದ ಕಚ್ಚಾ ಟೇಪನ್ನೂ ಕೊಡಬೇಕು. ಡಿಜಿಟಲ್ ಕಾಲದಲ್ಲಿ ಅದಕ್ಕೆ ಹೆಚ್ಚು ಖರ್ಚಿಲ್ಲ. ಎರಡು, ಏನೇನು ಮಾಡಿದ್ದೇವೆ ಅಂತ ಬರೆಯಬೇಕು: ವೇಗ ಎಷ್ಟು ತಿದ್ದಿದ್ದು, ಎಲ್ಲಿ ಬೇರೆ ಟೇಪಿನಿಂದ ತೇಪೆ ಹಾಕಿದ್ದು, ಯಂತ್ರದಿಂದ ಏನನ್ನು ಬೇರ್ಪಡಿಸಿದ್ದು, ಏನಾದರೂ ಹೊಸದಾಗಿ ತುಂಬಿದ್ದು ಇದೆಯಾ. ಸಂಬಳವಿಲ್ಲದೆ ಕ್ಯಾಸೆಟ್ ಹಂಚಿದ ಅಭಿಮಾನಿಗಳು ಅಗ್ಗದ ಟೇಪಿನ ಮೇಲೂ ಇಷ್ಟನ್ನು ಬರೆದಿಡುತ್ತಿದ್ದರು.

ಮಿಲ್ಲಾರ್ಡ್ 1994ರಲ್ಲಿ ತೀರಿಕೊಂಡರು. ತಮ್ಮ ಟೇಪು ಬ್ಯಾಂಡಿನ ಹೆಸರಲ್ಲಿ ಬಂದದ್ದನ್ನು ಅವರು ನೋಡಲಿಲ್ಲ. ಅವರ ಕೈಯಿಂದ ಬಂದ 26ನೇ ತಾರೀಕು ಈಗ ಎಲ್ಲರಿಗೂ ಸಿಗುತ್ತದೆ. ಅದನ್ನು ಕೇಳಿ ಮುಗಿಸಿದವರು ಅದೇ ಪ್ರವಾಸದ ಜೂನ್ 18ರ ಬಾಸ್ಟನ್ ಗಾರ್ಡನ್ ಟೇಪನ್ನೂ ಹುಡುಕಿ ಕೇಳಬೇಕು. ಅದೂ ಆಡಿಯನ್ಸ್ ಟೇಪೇ, ಬೇರೆ ಮೈಕ್, ಬೇರೆ ಹಾಲ್. ವಾಲ್ಯೂಮ್ ಸಮ ಮಾಡಿಕೊಂಡು, ಒಂದೇ ಹಾಡಿನ ಒಂದೇ ಭಾಗ ಹಾಕಿ ನೋಡಿ. ಡೇವಿಡ್ ಗಿಲ್ಮೋರ್ ಅವರ ಗಿಟಾರ್ ಎರಡು ಕಡೆ ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಅನ್ನುವುದನ್ನು ಮಾತ್ರ ಗಮನಿಸಿ. ಹಿಸ್ ಎಷ್ಟಿದೆ ಅನ್ನುವುದನ್ನು ಸದ್ಯಕ್ಕೆ ಬಿಡಿ.